ಕಿಡ್ನಿಯಲ್ಲಿ ಸಣ್ಣ ಗಡ್ಡೆ ಅಂದ ತಕ್ಷಣ ಆಪರೇಷನ್‌ಗೆ ಸಹಿ ಹಾಕಬೇಡಿ

ಕಿಡ್ನಿಯಲ್ಲಿ ಗಡ್ಡೆ ಇದೆ ಅಂತ ರಿಪೋರ್ಟ್ ಬಂದಿದೆ, ಇದೇ ವಾರ ಆಪರೇಷನ್ ಆಗಲೇಬೇಕು ಅಂತ ಅವಸರ ಮಾಡುತ್ತಿದ್ದಾರೆ ಅಂದರೆ, ಸಹಿ ಹಾಕುವ ಮೊದಲು ಇದನ್ನೊಮ್ಮೆ ಓದಿ. ಗಡ್ಡೆ 4 ಸೆಂ.ಮೀ. ಒಳಗಿದ್ದು, ಕಿಡ್ನಿ ಬಿಟ್ಟು ಬೇರೆಲ್ಲೂ ಹೋಗಿಲ್ಲದಿದ್ದರೆ, ಇನ್ನೊಬ್ಬ ಡಾಕ್ಟರನ್ನು ಕೇಳುವಷ್ಟು ಸಮಯ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇದನ್ನು ನಮಗೆ ಯಾರೂ ಹೇಳಲಿಲ್ಲ.

ನಮ್ಮಣ್ಣನಿಗೆ ಅರವತ್ತು ದಾಟಿದೆ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಹೊಟ್ಟೆ ಉಬ್ಬರ ಅಂತ ಸ್ಕ್ಯಾನಿಂಗ್ ಮಾಡಿಸಿದಾಗ ಎಡ ಕಿಡ್ನಿಯಲ್ಲಿ ಗಡ್ಡೆ ಕಂಡಿತು. ಈಗ ಇಂಥ ಗಡ್ಡೆಗಳು ಜಾಸ್ತಿ ಸಿಗುವುದೇ ಹೀಗೆ, ಬೇರೆ ಯಾವುದಕ್ಕೋ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ. ಸಿಟಿ ಸ್ಕ್ಯಾನ್ ಮಾಡಿಸಿದಾಗ 2.4 ಸೆಂ.ಮೀ. ಅಂತ ಬಂತು. ಡಾಕ್ಟರು ನೋಡಿ, "ಕ್ಯಾನ್ಸರ್ ಇದ್ದ ಹಾಗಿದೆ, ಕಿಡ್ನಿ ತೆಗೆದುಬಿಡೋಣ, ಇನ್ನೊಂದು ಇದೆಯಲ್ಲ" ಅಂದರು. ಅತ್ತಿಗೆ ಮೆಲ್ಲಗೆ, "ಸ್ವಲ್ಪ ದಿನ ನೋಡಬಹುದಾ ಸಾರ್?" ಅಂತ ಕೇಳಿದರು. "ಹರಡಿದ ಮೇಲೆ ನನ್ನ ಹತ್ರ ಬರಬೇಡಿ" ಅನ್ನುವ ಉತ್ತರ ಬಂತು. ಅಂಥ ಮಾತು ಕೇಳಿದ ಮೇಲೆ ಮನೆಯವರು ಮತ್ತೆ ಏನು ತಾನೇ ಕೇಳುತ್ತಾರೆ?

ಎಡ ಕಿಡ್ನಿಯನ್ನು ಪೂರ್ತಿ ತೆಗೆದರು. ಆಮೇಲೆ ತೆಗೆದ ಗಡ್ಡೆಯನ್ನು ಪರೀಕ್ಷಿಸಿದ ಪೆಥಾಲಜಿ ರಿಪೋರ್ಟ್ ಬಂತು. ಆಂಕೊಸೈಟೋಮಾ. ಅಂದರೆ ಕ್ಯಾನ್ಸರ್ ಅಲ್ಲ.

ಆಂಕೊಸೈಟೋಮಾ ಯಾವುದು, ಕ್ಯಾನ್ಸರ್ ಯಾವುದು ಅಂತ ಸಿಟಿ ನೋಡಿ ಖಚಿತವಾಗಿ ಹೇಳಲು ಆಗುವುದಿಲ್ಲ. ಹಾಗಾಗಿ ಡಾಕ್ಟರಿಗೆ ಅನುಮಾನ ಬಂದದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ 4 ಸೆಂ.ಮೀ. ಒಳಗಿನ ಗಡ್ಡೆಗಳಲ್ಲಿ ಹೆಚ್ಚುಕಮ್ಮಿ 5ರಲ್ಲಿ 1 ಕ್ಯಾನ್ಸರ್ ಆಗಿರುವುದಿಲ್ಲ. ಈ ವಿಷಯ ಕಿಡ್ನಿ ಆಪರೇಷನ್ ಮಾಡುವ ಯುರಾಲಜಿಸ್ಟ್‌ಗಳಿಗೆ ಹೊಸದಲ್ಲ. ನಮಗೂ ಒಂದು ಮಾತು ಹೇಳಬಹುದಿತ್ತಲ್ವಾ?

ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಗಡ್ಡೆ ಕಿಡ್ನಿಯ ಕೆಳತುದಿಯಲ್ಲಿದೆ, ಹೆಚ್ಚಿನ ಭಾಗ ಹೊರಕ್ಕೆ ಉಬ್ಬಿಕೊಂಡಿದೆ, ದೊಡ್ಡ ರಕ್ತನಾಳಗಳಿಂದ ದೂರ ಇದೆ. ಇಷ್ಟೂ ಆ ಸಿಟಿ ರಿಪೋರ್ಟ್‌ನ ಎರಡನೇ ಪುಟದಲ್ಲೇ ಬರೆದಿತ್ತು. ಗಡ್ಡೆಯನ್ನಷ್ಟೇ ತೆಗೆದು ಕಿಡ್ನಿ ಉಳಿಸುವ ಆಪರೇಷನ್‌ಗೆ, ಅಂದರೆ ಪಾರ್ಷಿಯಲ್ ನೆಫ್ರೆಕ್ಟಮಿಗೆ, ಹೇಳಿ ಮಾಡಿಸಿದ ಜಾಗ ಅದು. ಸಣ್ಣ ಗಡ್ಡೆಗೆ ಆಪರೇಷನ್ ಬೇಕೇ ಬೇಕು ಅಂದಾಗಲೂ ಮೊದಲು ಯೋಚಿಸಬೇಕಾದದ್ದು ಇದನ್ನೇ. ಈ ಬೇರೆ ದಾರಿ ಇದೆ ಅನ್ನುವುದು ಎರಡನೇ ಡಾಕ್ಟರಿಂದ ಗೊತ್ತಾಯಿತು, ಕಿಡ್ನಿ ಹೋದ ಮೇಲೆ.

"ಇನ್ನೊಂದು ಇದೆಯಲ್ಲ" ಅನ್ನುವ ಮಾತನ್ನು ಸಕ್ಕರೆ ಕಾಯಿಲೆ ಇರುವವರು ದಯವಿಟ್ಟು ಹಾಗೇ ನಂಬಬೇಡಿ. ವರ್ಷಗಟ್ಟಲೆ ಸಕ್ಕರೆ, ಬಿಪಿ ಇದ್ದರೆ ಎರಡೂ ಕಿಡ್ನಿ ಒಟ್ಟಿಗೇ ಸವೆಯುತ್ತಿರುತ್ತವೆ. ಕಿಡ್ನಿಯ ಕೆಲಸ ಸಾಕಷ್ಟು ಕುಗ್ಗುವವರೆಗೂ ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಹಾಕಬೇಕಾದ ಕಶ್ಮಲ, ಹೆಚ್ಚೇನೂ ಏರುವುದಿಲ್ಲ. ಅಣ್ಣನದು ಆಪರೇಷನ್‌ಗೆ ಮೊದಲು 1.2 ಇತ್ತು. ಈಗ 2ರ ಹತ್ತಿರ ಬಂದು ನಿಂತಿದೆ. ಮಂಡಿನೋವಿಗೆ ನುಂಗುತ್ತಿದ್ದ ಡೈಕ್ಲೋಫೆನಾಕ್ ಮಾತ್ರೆ ಕಿಡ್ನಿಗೆ ಪೆಟ್ಟು ಅಂತ ಪೂರ್ತಿ ಬಂದ್. ಸಕ್ಕರೆಯ ಮಾತ್ರೆ ಮೆಟ್‌ಫಾರ್ಮಿನ್ ಡೋಸ್ ಇಳಿಸಿದ್ದಾರೆ. ಮತ್ತೆ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಿ ಬರಲು ಚುಚ್ಚುವ ಔಷಧ) ಹಾಕಿ ಸಿಟಿ ಮಾಡಿಸಬೇಕಾದರೆ ನೂರು ಸಲ ಯೋಚಿಸಬೇಕು. ನೋವಿದ್ದರೂ ಅಣ್ಣ ಈಗ ಮಂಡಿ ನೀವಿಕೊಂಡು ಕೂರುತ್ತಾನೆ, ಮಾತ್ರೆ ಕೇಳುವುದಿಲ್ಲ.

ಇನ್ನು ಕಾದು ನೋಡುವ ವಿಷಯ. ಕಾಯುವುದು ಅಂದರೆ ಸುಮ್ನೆ ಕೈಕಟ್ಟಿ ಕೂರುವುದಲ್ಲ. ಮೊದಲ ಸಲ 3ರಿಂದ 6 ತಿಂಗಳೊಳಗೆ ಮತ್ತೆ ಸ್ಕ್ಯಾನ್, ಆಮೇಲೆ 6 ತಿಂಗಳಿಗೋ ವರ್ಷಕ್ಕೋ ಒಂದು. ಸಣ್ಣ ಗಡ್ಡೆಗಳು ಸರಾಸರಿ ವರ್ಷಕ್ಕೆ 2–3 ಮಿ.ಮೀ. ಬೆಳೆಯುತ್ತವೆ, ಕೆಲವು ಬೆಳೆಯುವುದೇ ಇಲ್ಲ. ವರ್ಷಕ್ಕೆ 5 ಮಿ.ಮೀ. ಮೀರಿ ಬೆಳೆದರೆ, ಗಾತ್ರ 4 ಸೆಂ.ಮೀ. ಕಡೆಗೆ ಹೋದರೆ, ಮೂತ್ರದಲ್ಲಿ ರಕ್ತ ಕಂಡರೆ ಆಗ ಚಿಕಿತ್ಸೆ. ಹೀಗೆ ಕಾಯುವಾಗ ಮೊದಲ ಕೆಲವು ವರ್ಷಗಳಲ್ಲಿ ನೂರಕ್ಕೆ ಒಬ್ಬಿಬ್ಬರಲ್ಲಿ ಅದು ಹರಡಲೂಬಹುದು. ಆ ಮಾತನ್ನು ಮುಚ್ಚಿಟ್ಟು "ಕಾಯಿರಿ" ಅನ್ನುವವರನ್ನೂ ನಂಬಬೇಡಿ. ಸ್ಕ್ಯಾನ್ ತಪ್ಪಿಸುವ ಸ್ವಭಾವದವರಿಗೆ ಈ ದಾರಿ ಬೇಡವೇ ಬೇಡ. ವಯಸ್ಸು ಚಿಕ್ಕದು, ಬೇರೆ ಕಾಯಿಲೆ ಇಲ್ಲ ಅನ್ನುವವರಿಗೆ ಆಪರೇಷನ್ನೇ ಮೇಲು ಅಂತ ಡಾಕ್ಟರು ಹೇಳಿದರೆ ಅದರಲ್ಲಿ ಅರ್ಥವಿದೆ. ಗಡ್ಡೆ ದೊಡ್ಡದಿದ್ದರೆ, ರಕ್ತನಾಳದೊಳಕ್ಕೆ ಇಳಿದಿದ್ದರೆ, ನಾನು ಇಲ್ಲಿ ಬರೆದದ್ದು ನಿಮಗೆ ಅನ್ವಯಿಸುವುದಿಲ್ಲ.

ಕಾಯುವವರು ಪ್ರತಿ ಸಲವೂ ಒಂದೇ ಬಗೆಯ ಸ್ಕ್ಯಾನ್ ಮಾಡಿಸಿ, ಹಳೇ ಸಿಡಿ ಜೊತೆಗೆ ಒಯ್ಯಿರಿ. ಅಲ್ಟ್ರಾಸೌಂಡ್‌ನಲ್ಲಿ ಅಳೆದದ್ದಕ್ಕೂ ಸಿಟಿಯಲ್ಲಿ ಅಳೆದದ್ದಕ್ಕೂ ಒಂದೆರಡು ಮಿ.ಮೀ. ವ್ಯತ್ಯಾಸ ಬರುತ್ತದೆ. ಅದನ್ನೇ ಬೆಳವಣಿಗೆ ಅಂದುಕೊಂಡು ಗಾಬರಿ ಆಗುವವರಿದ್ದಾರೆ.

ಬಯಾಪ್ಸಿ, ಅಂದರೆ ಸೂಜಿಯಿಂದ ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದರ ಬಗ್ಗೆಯೂ ಕೇಳಿ. ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಅನ್ನುವ ಭಯ ಎಲ್ಲ ಕಡೆ ಇದೆ. ಕಿಡ್ನಿ ಗಡ್ಡೆಯಲ್ಲಿ ಹಾಗಾಗುವುದು ತೀರಾ ಅಪರೂಪ. ಬಯಾಪ್ಸಿಯಲ್ಲಿ ಎಲ್ಲ ಸಲವೂ ಸ್ಪಷ್ಟ ಉತ್ತರ ಸಿಗುವುದಿಲ್ಲ, ಅದು ನಿಜ. ಆಂಕೊಸೈಟೋಮಾವನ್ನೇ ಹೋಲುವ ಒಂದು ಬಗೆಯ ಕ್ಯಾನ್ಸರ್ ಕೂಡ ಇದೆ. ಆದರೂ ಉತ್ತರ ಬಂದರೆ ಏನು ಮಾಡಬೇಕು ಅನ್ನುವುದೇ ಬದಲಾಗಬಹುದು ಅನ್ನುವ ಸ್ಥಿತಿಯಲ್ಲಿ, ಒಂದು ಇಡೀ ಕಿಡ್ನಿ ಕಳೆದುಕೊಳ್ಳುವ ಮುಂಚೆ ಅದನ್ನು ಕೇಳುವ ಹಕ್ಕು ನಿಮಗಿದೆ.

ಡಾಕ್ಟರು ಪೂರ್ತಿ ಕಿಡ್ನಿ ತೆಗೆಯಬೇಕು ಅಂದರೆ, ಗಡ್ಡೆಯನ್ನಷ್ಟೇ ಯಾಕೆ ತೆಗೆಯಲು ಆಗುವುದಿಲ್ಲ ಅಂತ ಅದೇ ಸಿಟಿ ತೋರಿಸಿ ವಿವರಿಸಲು ಹೇಳಿ. ಉಳಿಯುವ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ನೋಡುವ ರೀನಲ್ ಸ್ಕ್ಯಾನ್ ಬೇಕಾ ಕೇಳಿ. ಪ್ರಶ್ನೆ ಕೇಳಿದ್ದಕ್ಕೆ ಸಿಡುಕುವವರಾದರೆ ಫೈಲ್ ಎತ್ತಿಕೊಂಡು ಬೇರೆ ಕಡೆ ಹೋಗಿ.

ಈಗಾಗಲೇ ಕಿಡ್ನಿ ತೆಗೆಸಿಕೊಂಡವರು, ಗಾಯ ಮಾಯ್ದ ಮೇಲೂ ಕ್ರಿಯಾಟಿನಿನ್ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆ ಬಿಡಬೇಡಿ. ಒಬ್ಬ ನೆಫ್ರಾಲಜಿಸ್ಟ್ (ಕಿಡ್ನಿ ಕಾಯಿಲೆಯ ಡಾಕ್ಟರು) ಹತ್ತಿರ ತೋರಿಸಿಕೊಳ್ಳಿ. ಅಣ್ಣನ ಡಿಸ್ಚಾರ್ಜ್ ಚೀಟಿಯಲ್ಲಿ ಹೊಲಿಗೆ ಬಿಚ್ಚುವ ತಾರೀಕು ಬಿಟ್ಟರೆ ಇದ್ಯಾವುದೂ ಇರಲಿಲ್ಲ.