ಲಿವರ್ ರೈಫಲ್: 1873ರ ನಕಲೋ, 1892ರ ನಕಲೋ?

ಅಮೆರಿಕದ ಕೌಬಾಯ್ ಶೂಟಿಂಗ್ ಸ್ಪರ್ಧೆಗೆ ಲಿವರ್ ರೈಫಲ್ (ಟ್ರಿಗರ್ ಸುತ್ತಲಿನ ಹಿಡಿ ಎಳೆದು ಮುಂದಿನ ಗುಂಡು ತುಂಬುವ ಬಂದೂಕು) ತಗೊಳ್ಳಬೇಕು, ವಿಂಚೆಸ್ಟರ್ ಕಂಪನಿಯ 1873ರ ಮಾದರಿಯ ನಕಲೋ, 1892ರದೋ ಅಂತ ಕೇಳಿದ್ದೀರಿ. ವೇಗವೇ ಮುಖ್ಯ ಅಂದರೆ 1873. ಇಟಲಿಯ ಉಬರ್ಟಿ ಮಾಡುವ ನಕಲಿನಲ್ಲಿ ಲಿವರ್ ಹೊಸದರಲ್ಲೇ ಸಲೀಸಾಗಿ ಓಡುತ್ತದೆ. ಲಿವರ್ ಓಟ ಗಿಡ್ಡ ಮಾಡುವ ಕಿಟ್ ಕೂಡ ಸಿಗುತ್ತದೆ. ಬೆಲೆ, ತೂಕ ಎರಡೂ ಜಾಸ್ತಿ.

ಜೋರು ಗುಂಡು ಹಾರಿಸುವ ಆಸೆ ಇದ್ದರೆ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದ 1892. ಗುಂಡು ಹಾರುವಾಗ ನಳಿಗೆಯ ಹಿಂಭಾಗ ಮುಚ್ಚಿ ಹಿಡಿಯುವ ಅದರ ಬೀಗ ಗಟ್ಟಿ. ಬ್ರೆಜಿಲ್‌ನ ರೋಸಿ ನಕಲು ಅಗ್ಗ, ಹಗುರ. ಆದರೆ ಹೊಸದರಲ್ಲಿ ಬಿಗಿ. ಎಳೆದರೆ ಮರಳು ಸಿಕ್ಕಿದ ಹಾಗೆ ಗರಗರ!

ಈ ಬಿಗಿ ಹೋಗಬೇಕಾದರೆ, ಬಂದೂಕಿನಲ್ಲಿ ಗುಂಡಿಲ್ಲ ಎಂದು ಎರಡು ಸಲ ನೋಡಿ, ಎಣ್ಣೆ ಹಾಕಿ ಲಿವರ್ ನೂರಾರು ಸಲ ಆಡಿಸಿ. ಎಜೆಕ್ಟರ್‌ಗೆ (ಖಾಲಿ ತೋಟೆ ಹೊರಗೆಸೆಯುವ ಭಾಗ) ಹಗುರ ಸ್ಪ್ರಿಂಗ್ ಹಾಕಿಸಿದರೆ ಅರ್ಧ ಬಿಗಿ ಹೋಗುತ್ತದೆ. ತೋಟೆಗೆ ಹೊಡೆತ ಕೊಡುವ ಹ್ಯಾಮರ್‌ನ ಸ್ಪ್ರಿಂಗ್ ಮಾತ್ರ ತೀರಾ ಸಡಿಲವಾದರೆ ಸುಮ್ನೆ ‘ಟಕ್’ ಅನ್ನುತ್ತದೆ, ಗುಂಡು ಹಾರುವುದಿಲ್ಲ. ಟ್ರಿಗರ್ ಕೆಲಸ ಗನ್‌ಸ್ಮಿತ್‌ಗೇ (ಬಂದೂಕು ರಿಪೇರಿ ಮಾಡುವವರಿಗೇ) ಬಿಡಿ.