ಹಳದಿಯಾದ ಬಿಬಿಸಿ ಮೈಕ್ರೋ: ಕ್ರೀಮ್ ಹಚ್ಚಬೇಕಾ, ಮುಳುಗಿಸಬೇಕಾ?

1984ರಲ್ಲಿ ಶುರುವಾದ, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಕ್ಲಾಸ್ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರ್ ಬಂತು. ಈಗ ಅಂಥದ್ದೊಂದು ಸಿಕ್ಕರೆ, ಮೇಲಿನ ಪ್ಲಾಸ್ಟಿಕ್ ಹಳದಿ ತಿರುಗಿರುವುದೇ ಜಾಸ್ತಿ. ಅದನ್ನು ತಿಳಿ ಮಾಡಲು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಬಿಸಿಲು ಬೇಕು. ದಾವಣಗೆರೆಯಲ್ಲಿ ಬಿಸಿಲಿಗೇನು ಬರ?

ಪಾರ್ಲರ್ ಸಾಮಾನಿನ ಅಂಗಡಿಯಲ್ಲಿ ಸಿಗುವ, ಕೂದಲಿಗೆ ಬಳಸುವ 40 ವಾಲ್ಯೂಮ್ ಕ್ರೀಮ್‌ನಲ್ಲಿ ಪೆರಾಕ್ಸೈಡ್ ನೂರಕ್ಕೆ 12ರಷ್ಟಿರುತ್ತದೆ. ಸ್ವಲ್ಪವೇ ಸಾಕು, ಖರ್ಚು ಕಡಿಮೆ. ಆದರೆ ಒಣಗಬಾರದು. ಏಪ್ರಿಲ್‌ನಲ್ಲಿ ನಾನು ಮಹಡಿ ಮೇಲೆ ಕ್ರೀಮ್ ಹಚ್ಚಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಇಟ್ಟಿದ್ದೆ. ಒಂದು ಮೂಲೆ ಬಿಚ್ಚಿಕೊಂಡಿತ್ತು. ಊಟ ಮಾಡಿ ಬರುವಷ್ಟರಲ್ಲಿ ಅಲ್ಲಿ ಸುಣ್ಣ ಎಳೆದಂಥ ಬಿಳಿ ಪಟ್ಟೆ! ಅದು ಇವತ್ತಿಗೂ ಹೋಗಿಲ್ಲ.

ಟಬ್‌ನಲ್ಲಿ ಪೆರಾಕ್ಸೈಡ್ ದ್ರಾವಣ ತುಂಬಿ, ಬಿಚ್ಚಿದ ಪ್ಲಾಸ್ಟಿಕ್ ಭಾಗವನ್ನು ಪೂರ್ತಿ ಮುಳುಗಿಸಿದರೆ ಬಣ್ಣ ಸಮವಾಗಿ ಬರುತ್ತದೆ. ಆಗಾಗ ತಿರುವಿ ಹಾಕಿದರೆ ಸಾಕು. ದ್ರಾವಣ ಜಾಸ್ತಿ ಬೇಕು, ದುಡ್ಡೂ ಜಾಸ್ತಿ. ಆದರೂ ಅಗಲವಾದ ಮೇಲ್ಭಾಗಕ್ಕೆ ನಾನು ಇದನ್ನೇ ಹೇಳುತ್ತೇನೆ. ಕ್ರೀಮ್ ಸಣ್ಣ ತುಂಡುಗಳಿಗೆ ಸರಿ.

ಎರಡಕ್ಕೂ ಕೈಗವಸು, ಕನ್ನಡಕ ಬೇಕೇ ಬೇಕು. ಕಪ್ಪು ಕೀಗಳಿಗೆ ಇದ್ಯಾವುದೂ ಬೇಡ, ಉಗುರುಬೆಚ್ಚಗಿನ ಸೋಪಿನ ನೀರು ಸಾಕು. ವರ್ಷಗಳು ಕಳೆದಂತೆ ಹಳದಿ ಮತ್ತೆ ಬರಬಹುದು.

ಹೊಳಪು ಬಂತೆಂದು ಸುಮ್ನೆ ಪ್ಲಗ್ ಹಾಕಬೇಡಿ. ಪವರ್ ಸಪ್ಲೈ ಒಳಗಿನ ಹಳೇ ಫಿಲ್ಟರ್ ಕೆಪಾಸಿಟರ್ (ಕರೆಂಟಿನ ಗದ್ದಲ ಸೋಸುವ ಬಿಡಿಭಾಗ) ಬಿರುಕು ಬಿಟ್ಟಿರುವುದೇ ಜಾಸ್ತಿ, ಕರೆಂಟ್ ಕೊಟ್ಟರೆ ಹೊಗೆ ಕಾರಬಹುದು. ಟಿವಿ ರಿಪೇರಿ ಗೊತ್ತಿರುವವರಿಂದ ಮೊದಲು ಅದನ್ನು ಬದಲಾಯಿಸಿ.