ಮಾನಿಟರಿನ ಹಿಂಬೆಳಕು: ಸಿಸಿಎಫ್‌ಎಲ್ ಟ್ಯೂಬೋ, ಎಲ್‌ಇಡಿ ಪಟ್ಟಿಯೋ, ಹೊಸ ಮಾನಿಟರೋ?

ಹಳೆಯ ಎಲ್‌ಸಿಡಿ ಮಾನಿಟರ್ ಆನ್ ಆದ ಒಂದೆರಡು ಸೆಕೆಂಡಿನಲ್ಲೇ ಕತ್ತಲಾಗಿ, ಟಾರ್ಚ್ ಬಿಟ್ಟು ನೋಡಿದಾಗ ಮಾತ್ರ ಚಿತ್ರ ಮಸುಕಾಗಿ ಕಾಣುತ್ತಿದ್ದರೆ, ಸಾಮಾನ್ಯವಾಗಿ ಕೆಟ್ಟಿರುವುದು ಪರದೆಯಲ್ಲ, ಅದರ ಹಿಂದಿನ ದೀಪ ಅಥವಾ ಆ ದೀಪಕ್ಕೆ ವಿದ್ಯುತ್ ಕೊಡುವ ಇನ್ವರ್ಟರ್. ಆಗ ಅದೇ ಅಳತೆಯ ಸಿಸಿಎಫ್‌ಎಲ್ ಟ್ಯೂಬ್ ಹಾಕಬಹುದು, ಅದರ ಜಾಗದಲ್ಲಿ ಎಲ್‌ಇಡಿ ಪಟ್ಟಿ ಕೂರಿಸಬಹುದು, ಇಲ್ಲವೇ ಹೊಸ ಮಾನಿಟರ್ ಕೊಳ್ಳಬಹುದು. ಪುಟವಿನ್ಯಾಸ ಮತ್ತು ಫೋಟೊ ತಿದ್ದುವ ಕೆಲಸಕ್ಕೆ ನಾನು ಮೂರನ್ನೂ ಬಳಸಿ ನೋಡಿದ್ದೇನೆ.

ಸಿಸಿಎಫ್‌ಎಲ್ ಎಂಬುದು ಕೆಲವೇ ಮಿಲಿಮೀಟರ್ ದಪ್ಪದ ಟ್ಯೂಬ್‌ಲೈಟ್. ಪಾದರಸದ ಆವಿ ಹೊರಸೂಸುವ 254 ನ್ಯಾನೊಮೀಟರಿನ ಅತಿನೇರಳೆ ಕಿರಣ ಒಳಗಿನ ಫಾಸ್ಫರ್ ಲೇಪವನ್ನು ಬೆಳಗಿಸುತ್ತದೆ. ಹಳದಿಗಟ್ಟಿದ ಟ್ಯೂಬ್ ತೆಗೆದು ಹೊಸದು ಹಾಕಿದಾಗ ಬಿಳಿ ಬಣ್ಣ ಮೊದಲಿನಂತೆ ಮರಳಿತು. ಆದರೆ ಬೆಸುಗೆ ಹಾಕುವಾಗ ಗಾಜು ಬಿರುಕು ಬಿಡುವ ಭಯವಿದೆ, ಆನ್ ಮಾಡಿದ ಮೇಲೆ ಬೆಳಕು ನೆಲೆಗೊಳ್ಳಲು ಕೆಲವು ನಿಮಿಷ ಬೇಕು.

ಎಲ್‌ಇಡಿ ಪಟ್ಟಿ ಅಗ್ಗ, ಕಡಿಮೆ ವೋಲ್ಟೇಜಿನದು, ಒತ್ತಿದ ಕೂಡಲೇ ಪೂರ್ತಿ ಬೆಳಗುತ್ತದೆ. ತೊಡಕಿರುವುದು ಬಣ್ಣದಲ್ಲಿ. ಹಳೆಯ ಪರದೆಯ ಬಣ್ಣದ ಫಿಲ್ಟರುಗಳನ್ನು ಟ್ಯೂಬಿನ ಕೆಂಪು, ಹಸಿರು, ನೀಲಿ ಫಾಸ್ಫರುಗಳ ಬೆಳಕಿಗೆ ಹೊಂದಿಸಿರುತ್ತಾರೆ. ಅಗ್ಗದ ಬಿಳಿ ಎಲ್‌ಇಡಿಯಾದರೋ ನೀಲಿ ಬೆಳಕು ಬೀರುವ ಚಿಪ್‌ನ ಮೇಲೆ ಹಳದಿ ಫಾಸ್ಫರ್ ಬಳಿದದ್ದು, ಅದರಲ್ಲಿ ಕೆಂಪಿನ ಪಾಲು ಕಡಿಮೆ. ನನ್ನ ಪರದೆಯಲ್ಲಿ ಕುಂಕುಮದ ಕೆಂಪು ಇಟ್ಟಿಗೆಯ ಬಣ್ಣಕ್ಕೆ ಇಳಿಯಿತು. ಕ್ಯಾಲಿಬ್ರೇಷನ್ (ಬಣ್ಣ ಅಳೆದು ಹೊಂದಿಸುವುದು) ಮಾಡಿದರೆ ಬಿಳಿ ಸರಿಹೋಗುತ್ತದೆ, ಪರದೆಗೆ ಬಾರದ ಕೆಂಪು ಮಾತ್ರ ಬರುವುದಿಲ್ಲ.

ಬೆಳಕು ತಗ್ಗಿಸಿದಾಗಿನ ನಡತೆ ಇನ್ನೊಂದು ವಿಷಯ. ಪಟ್ಟಿಯ ಜೊತೆ ಬಂದ ಡ್ರೈವರ್, ಅಂದರೆ ಅದಕ್ಕೆ ವಿದ್ಯುತ್ ಕೊಡುವ ಸರ್ಕ್ಯೂಟ್, ದೀಪವನ್ನು ವೇಗವಾಗಿ ಆರಿಸಿ ಹೊತ್ತಿಸಿಯೇ ಮಂದಗೊಳಿಸುತ್ತದೆ. ಬಿಳಿ ಪರದೆಯ ಮುಂದೆ ಪೆನ್ಸಿಲ್ ಬೀಸಿದರೆ ಅದು ಬಿಡಿಬಿಡಿ ಪೆನ್ಸಿಲ್‌ಗಳಾಗಿ ಕಾಣುತ್ತದೆ. ಟ್ಯೂಬಿನ ಮಾನಿಟರಿನಲ್ಲೂ ಇದೇ ಉಪಾಯವಿತ್ತು, ಆದರೆ ಫಾಸ್ಫರ್ ಥಟ್ಟನೆ ಆರುವುದಿಲ್ಲವಾದ್ದರಿಂದ ಅಂಚಿನಲ್ಲಿ ಸ್ವಲ್ಪ ಬಣ್ಣದ ಗೆರೆ ಮೂಡುತ್ತಿತ್ತು, ಅಷ್ಟೆ. ಕಣ್ಣಿಗೆ ಅದೇ ಹಿತ. ವಿದ್ಯುತ್ ಪ್ರವಾಹವನ್ನೇ ತಗ್ಗಿಸುವ ಹೊಸ ಮಾನಿಟರಿನಲ್ಲಿ ಪೆನ್ಸಿಲ್ ಒಡೆಯದೆ ಮಸುಕಾಗಿ ಸಾಗುತ್ತದೆ. ವಿದ್ಯುತ್ತೂ ಅದಕ್ಕೆ ಬಹಳ ಕಡಿಮೆ ಸಾಕು.

ಅಂಗಡಿಯ ಬಿಲ್ಲಿಂಗಿಗೆ ಪಟ್ಟಿ ಧಾರಾಳವಾಗಿ ಸಾಕು; ಫೋಟೊ ಕೆಲಸಕ್ಕೆ ನಾನು ಹೊಸ ಮಾನಿಟರನ್ನೇ ಆರಿಸುತ್ತೇನೆ. ಪಾದರಸ ಕುರಿತ ಮಿನಮಾಟಾ ಒಪ್ಪಂದದ ದೇಶಗಳು ಪರದೆಗಳಿಗೆ ಬಳಸುವ ಈ ಟ್ಯೂಬುಗಳನ್ನು 2025ರ ವೇಳೆಗೆ ಕೈಬಿಡಲು 2022ರಲ್ಲಿ ತೀರ್ಮಾನಿಸಿರುವುದರಿಂದ, ಇನ್ನು ಸಿಗುವುದು ಹೆಚ್ಚಾಗಿ ಹಳೆಯ ದಾಸ್ತಾನು ಅಥವಾ ಬೇರೆ ಮಾನಿಟರಿನಿಂದ ಬಿಚ್ಚಿದ್ದು. ಬಿಚ್ಚಿದ್ದಾದರೆ ತುದಿಗಳು ಕಪ್ಪಾಗಿವೆಯೇ ಎಂದು ನೋಡಿಯೇ ಕೊಳ್ಳಬೇಕು.